ನೆನಪು ಅಳಿದ ಮೇಲೂ ಅವರೇ ಇವರೇ? ಜಾನ್ ಲಾಕ್ ಮತ್ತು ವ್ಯಕ್ತಿಯ ಅನನ್ಯತೆ

ಪ್ರಶ್ನೆ: ನನ್ನ ತಂದೆಯವರಿಗೆ ಡಿಮೆನ್ಶಿಯಾ ಬಂದು ಕೆಲವು ವರ್ಷಗಳಾದವು. ಈಗ ನನ್ನನ್ನು ಗುರುತಿಸುವುದಿಲ್ಲ, ಆದರೂ ಬಹುಮಟ್ಟಿಗೆ ಸಮಾಧಾನದಿಂದಲೇ ಇದ್ದಾರೆ. ಕಾಯಿಲೆ ಗೊತ್ತಾದ ಹೊಸತರಲ್ಲಿ, ಸ್ಥಿತಿ ಹದಗೆಟ್ಟರೆ ತಮಗೆ ಯಾವ ಚಿಕಿತ್ಸೆ ಬೇಡ ಎಂಬುದನ್ನು ಅವರೇ ಒಂದು ಪತ್ರದಲ್ಲಿ ಬರೆದಿಟ್ಟಿದ್ದರು. ತತ್ತ್ವಶಾಸ್ತ್ರ ಓದಿರುವ ಸ್ನೇಹಿತರೊಬ್ಬರು, ಇಂಗ್ಲೆಂಡಿನ ತತ್ತ್ವಜ್ಞ ಜಾನ್ ಲಾಕ್‌ನ ಪ್ರಕಾರ ನೆನಪು ಹೋದರೆ ವ್ಯಕ್ತಿಯೂ ಹೋದಂತೆ, ಆ ಪತ್ರ ಬರೆದವರು ಈಗ ಇಲ್ಲ ಎಂದರು. ಲಾಕ್ ನಿಜಕ್ಕೂ ಹಾಗೆ ಹೇಳಿದ್ದಾನೆಯೇ? ಮುನ್ನೂರು ವರ್ಷಗಳ ಹಿಂದಿನ ಆ ಮಾತಿಗೆ ಇಂದಿನ ಚರ್ಚೆಗಳಲ್ಲಿ ಬೆಲೆ ಇದೆಯೇ?

ಉತ್ತರ: ನಿಮ್ಮ ಸ್ನೇಹಿತರು ಹೇಳಿದ್ದು ಲಾಕ್‌ನ ಬಗ್ಗೆ ಪಠ್ಯಪುಸ್ತಕಗಳು ಹೇಳುವ ಮಾತಿಗೆ ಹತ್ತಿರವಾಗಿದೆ, ಲಾಕ್ ಸ್ವತಃ ಬರೆದದ್ದಕ್ಕೆ ಅಷ್ಟು ಹತ್ತಿರವಾಗಿಲ್ಲ. ನೆನಪಿಗೂ ವ್ಯಕ್ತಿಗೂ ನಡುವೆ ಅವನು ಗಟ್ಟಿಯಾದ ನಂಟನ್ನು ಕಂಡದ್ದು ನಿಜ. ಆದರೆ ಆ ನಂಟನ್ನು ಹೇಳುವ ಮುಂಚೆ ಅವನು, ಎಲ್ಲರೂ ಒಂದೇ ಎಂದುಕೊಂಡಿದ್ದ ಪ್ರಶ್ನೆಯನ್ನು ಮೂರಾಗಿ ಬಿಡಿಸಿ ತೋರಿಸಿದ. ನೆನಪಿನ ಭಾಗದಲ್ಲಿ ಅವನು ಎಡವಿದ್ದಾನೆ ಎಂಬುದನ್ನು ಹದಿನೆಂಟನೆಯ ಶತಮಾನದಲ್ಲೇ ಓದುಗರು ಕಂಡುಕೊಂಡರು. ಪ್ರಶ್ನೆಯನ್ನು ಬಿಡಿಸಿದ ಭಾಗವನ್ನು ಮಾತ್ರ ಇಂದಿಗೂ ಯಾರೂ ಕೈಬಿಟ್ಟಿಲ್ಲ, ಅವನನ್ನು ಕಟುವಾಗಿ ಖಂಡಿಸುವವರು ಕೂಡ. ನಿಮ್ಮ ತಂದೆಯವರ ಪತ್ರದ ಬಗ್ಗೆ ಯೋಚಿಸುವುದಕ್ಕೆ ಒದಗಿಬರುವುದು ಈ ಎರಡನೆಯ ಭಾಗವೇ.

ಮೊದಲು ಪದದ ಬಗ್ಗೆ ಒಂದು ಮಾತು. ‘ಅಸ್ಮಿತೆ’ ಎಂಬ ಪದ ಈಗ ಭಾಷೆ, ನಾಡು, ಸಮುದಾಯಗಳ ಗುರುತಿಗೆ ಸಲ್ಲುತ್ತಿದೆ. ನಾವು ಮಾತನಾಡುತ್ತಿರುವುದು ಅದಲ್ಲ. ಇಲ್ಲಿನ ಪ್ರಶ್ನೆ ಇಷ್ಟು: ಅಂದು ಇದ್ದವರು ಮತ್ತು ಇಂದು ಇರುವವರು ಒಬ್ಬರೇ ಎಂದು ಹೇಳುವುದು ಯಾವ ಆಧಾರದಿಂದ? ಇದಕ್ಕೆ ನಾನು ‘ಅನನ್ಯತೆ’ ಎಂಬ ಪದವನ್ನು ಬಳಸುತ್ತೇನೆ. ಸಾಮಾನ್ಯ ಮಾತಿನಲ್ಲಿ ಅದಕ್ಕೆ ‘ಸಾಟಿಯಿಲ್ಲದ್ದು’ ಎಂಬ ಅರ್ಥ ಬಂದಿದ್ದರೂ, ಪದವನ್ನು ಬಿಡಿಸಿದರೆ ಸಿಗುವುದು ‘ಅನ್ಯವಲ್ಲದಿರುವುದು’, ಅಂದರೆ ಬೇರೆಯಲ್ಲದಿರುವುದು. ನಮಗೆ ಬೇಕಾದ ಅರ್ಥ ಅದೇ.

ಲಾಕ್ ಹುಟ್ಟಿದ್ದು 1632ರಲ್ಲಿ, ತೀರಿಕೊಂಡದ್ದು 1704ರಲ್ಲಿ. ಆಕ್ಸ್‌ಫರ್ಡ್‌ನಲ್ಲಿ ವೈದ್ಯಶಾಸ್ತ್ರವನ್ನು ಓದಿ, ಮುಂದೆ ಶಾಫ್ಟ್ಸ್‌ಬರಿಯ ಅರ್ಲ್ ಆದ ಆಶ್ಲಿ ಪ್ರಭುವಿನ ಮನೆಯಲ್ಲಿ ವೈದ್ಯನೂ ಆಗಿದ್ದವನು. ಮನುಷ್ಯನ ತಿಳಿವಳಿಕೆಯನ್ನು ಕುರಿತ ಅವನ ದೊಡ್ಡ ಪ್ರಬಂಧ 1689ರ ಕೊನೆಯಲ್ಲಿ ಹೊರಬಂದಾಗ ಅದರಲ್ಲಿ ಅನನ್ಯತೆಯ ಅಧ್ಯಾಯವೇ ಇರಲಿಲ್ಲ. ಡಬ್ಲಿನ್‌ನಲ್ಲಿದ್ದ ವಿಲಿಯಂ ಮಾಲಿನೊ ಎಂಬ ಸ್ನೇಹಿತ ಪತ್ರ ಬರೆದು ಕೇಳಿಕೊಂಡ ಮೇಲೆ, 1694ರ ಎರಡನೆಯ ಆವೃತ್ತಿಗೆ ಲಾಕ್ ಅದನ್ನು ಸೇರಿಸಿದ. ಎರಡನೆಯ ಭಾಗದ ಇಪ್ಪತ್ತೇಳನೆಯ ಅಧ್ಯಾಯ ಅದು. ಇಂದು ವ್ಯಕ್ತಿಯ ಅನನ್ಯತೆಯ ಬಗ್ಗೆ ನಡೆಯುವ ಬಹುಪಾಲು ವಾದಗಳ ಬೇರು ಆ ಕೆಲವು ಪುಟಗಳಲ್ಲಿದೆ.

ಅಧ್ಯಾಯ ಮನುಷ್ಯನಿಂದ ಶುರುವಾಗುವುದಿಲ್ಲ ಎಂಬುದನ್ನು ಗಮನಿಸಬೇಕು. ಲಾಕ್ ಮೊದಲು ಕಣಗಳ ಒಂದು ರಾಶಿಯನ್ನು ತೆಗೆದುಕೊಳ್ಳುತ್ತಾನೆ: ಅದರಿಂದ ಒಂದು ಕಣ ಹೋದರೂ ಅದು ಅದೇ ರಾಶಿಯಲ್ಲ. ಆಮೇಲೆ ಓಕ್ ಮರಕ್ಕೆ ಬರುತ್ತಾನೆ. ಸಸಿ ಬೆಳೆದು ಹೆಮ್ಮರವಾಗುವಷ್ಟರಲ್ಲಿ ಅದರಲ್ಲಿದ್ದ ದ್ರವ್ಯ ಬದಲಾಗಿ ಹೋಗಿರುತ್ತದೆ, ಕೊಂಬೆಗಳನ್ನು ಕಡಿದಿರುತ್ತಾರೆ, ಆದರೂ ಅದೇ ಮರ ಎನ್ನುತ್ತೇವೆ. ಏಕೆಂದರೆ ಮರವೆಂದರೆ ಕಣಗಳ ಲೆಕ್ಕವಲ್ಲ, ಕಡಿಯದೆ ಸಾಗುವ ಒಂದು ಜೀವನಕ್ರಮ. ಹಾಗಾಗಿ ‘ಇದು ಅದೇ ಹೌದೇ?’ ಎಂದು ಬರಿದೇ ಕೇಳಿದರೆ ಪ್ರಶ್ನೆ ಪೂರ್ತಿಯಾಗುವುದಿಲ್ಲ, ‘ಅದೇ ಏನು?’ ಎಂಬುದನ್ನೂ ಹೇಳಬೇಕು. ಈ ಹೆಜ್ಜೆ ಸಣ್ಣದಾಗಿ ಕಂಡರೂ ಅಧ್ಯಾಯದ ಉಳಿದೆಲ್ಲವೂ ನಿಂತಿರುವುದು ಇದರ ಮೇಲೆ.

ಮನುಷ್ಯರ ವಿಷಯಕ್ಕೆ ಬಂದಾಗ ಅವನು ಮೂರು ‘ಅದೇ’ಗಳನ್ನು ಬೇರ್ಪಡಿಸುತ್ತಾನೆ. ಅದೇ ದ್ರವ್ಯ, ಅಂದರೆ ಅದೇ ಆತ್ಮ ಅಥವಾ ಅದೇ ಭೌತಿಕ ವಸ್ತು, ಒಂದು. ಅದೇ ಮನುಷ್ಯ, ಅಂದರೆ ಮರದಂತೆಯೇ ಬದುಕಿ ಬೆಳೆಯುವ ಅದೇ ಜೀವಿ, ಇನ್ನೊಂದು. ಅದೇ ವ್ಯಕ್ತಿ ಮೂರನೆಯದು. ವ್ಯಕ್ತಿಯೆಂದರೆ ಅವನಿಗೆ, ಯೋಚಿಸಬಲ್ಲ, ತನ್ನನ್ನು ತಾನೆಂದು ಕಾಣಬಲ್ಲ, ಬೇರೆ ಬೇರೆ ಕಾಲಗಳಲ್ಲಿ ಮತ್ತು ಜಾಗಗಳಲ್ಲಿ ಇದ್ದವನು ತಾನೇ ಎಂದು ಅರಿಯಬಲ್ಲ ಚೇತನ. ಇವು ಸಾಮಾನ್ಯವಾಗಿ ಒಟ್ಟಿಗೇ ಇರುವುದರಿಂದ ನಮಗೆ ಒಂದೇ ಎನಿಸುತ್ತವೆ. ಅವುಗಳನ್ನು ಬಿಡಿಸಿ ನೋಡಲೆಂದೇ ಅವನು ಆ ಹೆಸರಾದ ಕಲ್ಪನೆಯನ್ನು ಮಾಡುತ್ತಾನೆ: ಒಬ್ಬ ರಾಜಕುಮಾರನ ಆತ್ಮ, ಅವನ ಹಿಂದಿನ ಬದುಕಿನ ಅರಿವನ್ನೆಲ್ಲ ಹೊತ್ತು, ಚಪ್ಪಲಿ ಹೊಲಿಯುವವನೊಬ್ಬನ ದೇಹವನ್ನು ಹೊಕ್ಕರೆ ಎದ್ದು ಕೂರುವವನು ಯಾರು? ರಾಜಕುಮಾರನ ಕೆಲಸಗಳಿಗೆ ಉತ್ತರ ಕೊಡಬೇಕಾದ ವ್ಯಕ್ತಿ ಅವನೇ, ಆದರೆ ಸುತ್ತಲಿನವರ ಕಣ್ಣಿಗೆ ಅವನು ಅದೇ ಚಮ್ಮಾರ ಮನುಷ್ಯ ಎಂಬುದು ಲಾಕ್‌ನ ಉತ್ತರ. 1963ರಲ್ಲಿ ಅಮೆರಿಕದ ತತ್ತ್ವಜ್ಞ ಸಿಡ್ನಿ ಶೂಮೇಕರ್ ಅವರು ಒಬ್ಬನ ಮಿದುಳನ್ನು ಇನ್ನೊಬ್ಬನ ತಲೆಯಲ್ಲಿಡುವ ಉದಾಹರಣೆಯನ್ನು ತಂದಾಗ, ಈಗ ಮನಸ್ಸನ್ನು ಕಂಪ್ಯೂಟರಿಗೆ ಇಳಿಸಿದರೆ ಇಳಿದವರು ನಾವೇ ಆಗುತ್ತೇವೆಯೇ ಎಂದು ಜನ ಕೇಳುವಾಗ, ಎಲ್ಲರೂ ಆ ರಾಜಕುಮಾರನ ಹಿಂದೆಯೇ ನಡೆದಿದ್ದಾರೆ.

ನಿಮ್ಮ ಸ್ನೇಹಿತರ ಮಾತಿನಲ್ಲಿ ಬಿಟ್ಟುಹೋಗಿರುವುದು ಇದೇ ವಿಂಗಡಣೆ. ನಿಮ್ಮ ತಂದೆಯವರು ಅದೇ ಮನುಷ್ಯ ಎಂಬುದರಲ್ಲಿ ಲಾಕ್‌ಗೆ ಕೊಂಚವೂ ಅನುಮಾನ ಬರುವುದಿಲ್ಲ. ಅನುಮಾನವಿರುವುದು ಮೂರನೆಯ ಅರ್ಥದಲ್ಲಿ ಮಾತ್ರ. ಅಲ್ಲಿ ಕೂಡ ಅವನು ಬಳಸುವ ಮುಖ್ಯ ಪದ ‘ನೆನಪು’ ಅಲ್ಲ, ‘ಪ್ರಜ್ಞೆ’. ಇವೆರಡನ್ನೂ ಒಂದೇ ಮಾಡುವುದು ಸರಿಯಲ್ಲವೆಂದು ಬ್ರಿಟನ್ನಿನ ತತ್ತ್ವಜ್ಞ ಗೇಲನ್ ಸ್ಟ್ರಾಸನ್ ಅವರು 2011ರಲ್ಲಿ ಲಾಕ್‌ನ ಬಗ್ಗೆಯೇ ಒಂದು ಪುಸ್ತಕ ಬರೆದು ವಾದಿಸಿದ್ದಾರೆ, ಮತ್ತು ನನಗೆ ಆ ವಾದ ಒಪ್ಪಿಗೆಯಾಗಿದೆ. ಲಾಕ್‌ನ ಕಿರುಬೆರಳಿನ ಉದಾಹರಣೆಯನ್ನೇ ನೋಡಿ. ಕೈಗೆ ಅಂಟಿಕೊಂಡಿರುವವರೆಗೆ ಬೆರಳು ‘ನನ್ನದು’. ಅದರ ಬಿಸಿ, ನೋವು ನನಗೆ ತಟ್ಟುತ್ತವೆ, ಅದಕ್ಕೆ ಏನಾಗುತ್ತದೋ ಎಂಬ ಕಾಳಜಿ ನನಗಿದೆ. ಕಡಿದು ಬಿದ್ದ ಮೇಲೆ ಅದಕ್ಕೆ ಏನಾದರೂ ನನಗೆ ತಟ್ಟುವುದಿಲ್ಲ. ಹಿಂದೆ ಮಾಡಿದ ಕೆಲಸಗಳೂ ಹೀಗೆಯೇ ಎನ್ನುತ್ತಾನೆ ಅವನು: ಯಾವ ಕೆಲಸವನ್ನು ನಾನು ಒಳಗಿನಿಂದ ನನ್ನದೆಂದು ಹೊತ್ತುಕೊಳ್ಳಬಲ್ಲೆನೋ, ಯಾವುದಕ್ಕಾಗಿ ನಾಚಿಕೆಪಡಬಲ್ಲೆನೋ, ಹೆಮ್ಮೆಪಡಬಲ್ಲೆನೋ, ಅಷ್ಟು ದೂರದವರೆಗೆ ನಾನೆಂಬ ವ್ಯಕ್ತಿ ಚಾಚಿಕೊಂಡಿದ್ದೇನೆ. ‘ವ್ಯಕ್ತಿ’ ಎಂಬುದು ನ್ಯಾಯವಿಚಾರಣೆಗೆ ಸೇರಿದ ಪದ, ಕೆಲಸಗಳನ್ನೂ ಅವುಗಳ ಫಲವನ್ನೂ ಯಾರ ಪಾಲಿಗೆ ಸೇರಿಸಬೇಕೆಂದು ಹೇಳುವ ಪದ ಎಂದು ಅವನು ಬಿಚ್ಚಿಯೇ ಹೇಳಿದ್ದಾನೆ.

ಈಗ ಅವನು ಎಡವಿದ ಜಾಗ. ಸ್ಕಾಟ್ಲೆಂಡಿನ ತತ್ತ್ವಜ್ಞ ಥಾಮಸ್ ರೀಡ್ 1785ರಲ್ಲಿ ಒಂದು ಸಣ್ಣ ಕಥೆಯನ್ನು ಮುಂದಿಟ್ಟ. ಒಬ್ಬ ಹುಡುಗ ಹಣ್ಣಿನ ತೋಟಕ್ಕೆ ನುಗ್ಗಿ ಕದ್ದು ಶಾಲೆಯಲ್ಲಿ ಏಟು ತಿನ್ನುತ್ತಾನೆ. ಬೆಳೆದು ಸೇನೆಗೆ ಸೇರಿ, ಮೊದಲ ದಂಡಯಾತ್ರೆಯಲ್ಲೇ ವೈರಿಯ ಬಾವುಟವನ್ನು ಕಿತ್ತು ತರುತ್ತಾನೆ. ಆಗ ಅವನಿಗೆ ಆ ಏಟಿನ ನೆನಪಿದೆ. ಇಳಿವಯಸ್ಸಿನಲ್ಲಿ ದಂಡನಾಯಕನಾಗಿದ್ದಾನೆ, ಬಾವುಟದ ನೆನಪಿದೆ, ಏಟಿನ ನೆನಪು ಪೂರ್ತಿಯಾಗಿ ಅಳಿಸಿಹೋಗಿದೆ. ಲಾಕ್‌ನ ಲೆಕ್ಕದಲ್ಲಿ ದಂಡನಾಯಕನೂ ಆ ಯುವ ಅಧಿಕಾರಿಯೂ ಒಬ್ಬನೇ ವ್ಯಕ್ತಿ, ಯುವ ಅಧಿಕಾರಿಯೂ ಹುಡುಗನೂ ಒಬ್ಬನೇ ವ್ಯಕ್ತಿ, ಆದರೆ ದಂಡನಾಯಕನೂ ಹುಡುಗನೂ ಒಬ್ಬನೇ ಅಲ್ಲ. ಇದು ಹೇಗೆ ಸಾಧ್ಯ? ಮೊದಲನೆಯದು ಎರಡನೆಯದೇ ಆಗಿ, ಎರಡನೆಯದು ಮೂರನೆಯದೇ ಆದರೆ, ಮೊದಲನೆಯದು ಮೂರನೆಯದೂ ಆಗಲೇಬೇಕು. ರೀಡ್‌ಗೂ ಮುಂಚೆ, 1736ರಲ್ಲಿ, ಇಂಗ್ಲೆಂಡಿನ ಪಾದ್ರಿ ಜೋಸೆಫ್ ಬಟ್ಲರ್ ಇನ್ನೊಂದು ತೊಡಕನ್ನು ತೋರಿಸಿದ್ದ: ಒಂದು ನೆನಪು ನಿಜವಾದ ನೆನಪಾಗಬೇಕಾದರೆ ಅದನ್ನು ಅನುಭವಿಸಿದವನು ನಾನೇ ಆಗಿರಬೇಕು, ಹಾಗಿರುವಾಗ ನಾನು ನಾನೇ ಎಂಬುದನ್ನು ನೆನಪಿನಿಂದ ಸಾಧಿಸಲು ಹೊರಟರೆ ಸಾಧಿಸಬೇಕಾದದ್ದನ್ನೇ ಮೊದಲಿಗೆ ಒಪ್ಪಿಕೊಂಡಂತಾಯಿತು.

ಇಪ್ಪತ್ತನೆಯ ಶತಮಾನದ ಲಾಕ್ ಪಂಥೀಯರು ಈ ಎರಡು ಏಟುಗಳನ್ನೂ ತಡೆದುಕೊಳ್ಳುವಂತೆ ಸಿದ್ಧಾಂತವನ್ನು ತಿದ್ದಿದರು. ರೀಡ್‌ಗೆ ಕೊಟ್ಟ ಉತ್ತರ ಹಗ್ಗದ ಮಾದರಿಯದು. ಹಗ್ಗದ ಈ ತುದಿಯಿಂದ ಆ ತುದಿಯವರೆಗೆ ಒಂದೇ ನಾರು ಓಡಬೇಕಾಗಿಲ್ಲ, ಒಂದರ ಮೇಲೊಂದು ಹೆಣೆದುಕೊಂಡ ನಾರುಗಳು ಸಾಕು. ಹಾಗೆಯೇ ದಂಡನಾಯಕನಿಗೆ ಏಟಿನ ನೆನಪು ನೇರವಾಗಿ ಇಲ್ಲದಿದ್ದರೂ ನೆನಪುಗಳ ಸರಪಳಿ ಅವನನ್ನು ಆ ಹುಡುಗನಿಗೆ ಕಟ್ಟಿಹಾಕುತ್ತದೆ. ಬಟ್ಲರ್‌ಗೆ ಉತ್ತರವಾಗಿ ಶೂಮೇಕರ್ 1970ರಲ್ಲಿ, ಅನುಭವಿಸಿದವರು ಯಾರು ಎಂಬುದನ್ನು ಮುಂಚೆಯೇ ನಿರ್ಧರಿಸದ, ನೆನಪಿನಂಥದೇ ಒಂದು ಕಲ್ಪನೆಯನ್ನು ರೂಪಿಸಿದರು. ಬ್ರಿಟನ್ನಿನ ತತ್ತ್ವಜ್ಞ ಡೆರೆಕ್ ಪಾರ್ಫಿಟ್ 1984ರ ತಮ್ಮ ದೊಡ್ಡ ಕೃತಿಯಲ್ಲಿ ನೆನಪಿನ ಜೊತೆಗೆ ಸಂಕಲ್ಪ, ನಂಬಿಕೆ, ಬಯಕೆ, ಸ್ವಭಾವಗಳನ್ನೂ ಸೇರಿಸಿ, ಈ ನಂಟುಗಳು ಇವೆ ಅಥವಾ ಇಲ್ಲ ಎನ್ನುವಂಥವಲ್ಲ, ಹೆಚ್ಚು ಕಡಿಮೆ ಇರುವಂಥವು ಎಂದು ವಾದಿಸಿದರು. ಒಬ್ಬರಿಂದ ಇಬ್ಬರು ಉಂಟಾದರೆ ಏನು ಎಂಬ ಒಗಟನ್ನು ಬಿಡಿಸಹೋಗಿ, ಅನನ್ಯತೆಗಿಂತ ಈ ನಂಟುಗಳೇ ಮುಖ್ಯ ಎನ್ನುವವರೆಗೆ ಅವರು ಹೋದರು. ಆ ಒಗಟಿನಲ್ಲಿ ಇಲ್ಲಿ ಇಳಿಯುವುದು ಬೇಡ. ಒಂದು ಮಾತು ಮಾತ್ರ ನಿಮಗೆ ಬೇಕಾದದ್ದು: ಮರೆವು ಬಂದ ದಿನವೇ ವ್ಯಕ್ತಿ ಹೋದಂತೆ ಎಂಬ ಮಾತು ಈಗಿನ ಲಾಕ್ ಪಂಥೀಯರ ನಿಲುವೂ ಅಲ್ಲ.

ಎದುರು ಪಾಳಯದಲ್ಲಿರುವವರು, ನಾವು ಮೂಲತಃ ಮನುಷ್ಯಪ್ರಾಣಿಗಳು, ವ್ಯಕ್ತಿಯಾಗಿರುವುದು ನಮ್ಮ ಬಾಳಿನ ಒಂದು ಘಟ್ಟ ಎನ್ನುವವರು. 1997ರಲ್ಲಿ ಬಂದ, ತತ್ತ್ವಜ್ಞ ಎರಿಕ್ ಓಲ್ಸನ್ ಅವರ ಪುಸ್ತಕ ಈ ಪಕ್ಷದ ಮುಖ್ಯ ಕೃತಿ. ಅವರ ಆಕ್ಷೇಪ ಸರಳವಾದದ್ದು, ಬಲವಾದದ್ದೂ ಹೌದು: ಕುರ್ಚಿಯಲ್ಲಿ ಕುಳಿತು ಯೋಚಿಸುತ್ತಿರುವುದು ಒಂದು ಜೀವಿ, ಅದರ ಜೊತೆಗೆ ಅದೇ ಯೋಚನೆಯನ್ನು ಮಾಡುವ ‘ವ್ಯಕ್ತಿ’ ಎಂಬ ಇನ್ನೊಂದು ವಸ್ತುವೂ ಅಲ್ಲೇ ಕುಳಿತಿದೆ ಎಂದರೆ, ಒಂದೇ ಕುರ್ಚಿಯಲ್ಲಿ ಇಬ್ಬರು ಯೋಚಿಸುವವರಾದಂತಾಯಿತಲ್ಲ? ಲಾಕ್‌ಗೆ ಇದಕ್ಕೆ ಸಲೀಸಾದ ಉತ್ತರವಿಲ್ಲ. ಆದರೆ ಓಲ್ಸನ್ ಕೂಡ ತಮ್ಮ ನಿಲುವನ್ನು ಹೇಳುವುದು ‘ಮನುಷ್ಯ’, ‘ವ್ಯಕ್ತಿ’ ಎಂಬ ಲಾಕ್‌ನ ಎರಡು ಪದಗಳ ನಡುವೆ ಒಂದನ್ನು ಆರಿಸಿಕೊಂಡೇ.

ಲಾಕ್‌ನ ಪ್ರಶ್ನೆ ಪುಸ್ತಕಗಳಲ್ಲೇ ಉಳಿದಿಲ್ಲ ಎಂಬುದಕ್ಕೆ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಮೊಕದ್ದಮೆಯನ್ನು ಹೇಳಬೇಕು. ಅಲಬಾಮಾದಲ್ಲಿ 1985ರಲ್ಲಿ ಒಬ್ಬ ಪೊಲೀಸ್ ಅಧಿಕಾರಿಯನ್ನು ಕೊಂದು ಮರಣದಂಡನೆಗೆ ಒಳಗಾಗಿದ್ದ ವರ್ನನ್ ಮ್ಯಾಡಿಸನ್‌ಗೆ ಸೆರೆಯಲ್ಲಿದ್ದಾಗ ಮತ್ತೆ ಮತ್ತೆ ಪಾರ್ಶ್ವವಾಯು ಬಡಿಯಿತು, ಮಿದುಳಿಗೆ ಪೆಟ್ಟಾಗಿ ಡಿಮೆನ್ಶಿಯಾ ಬಂತು. ತಾನು ಮಾಡಿದ ಕೊಲೆ ತನಗೆ ನೆನಪಿಲ್ಲ, ಹಾಗಿರುವಾಗ ತನಗೆ ಮರಣದಂಡನೆ ಜಾರಿಮಾಡಬಹುದೇ ಎಂಬುದು ಅವನ ಪರವಾಗಿ ಎತ್ತಿದ ಪ್ರಶ್ನೆ. 2019ರ ಫೆಬ್ರವರಿಯಲ್ಲಿ ನ್ಯಾಯಾಲಯ ಕೊಟ್ಟ ತೀರ್ಪು ಎರಡು ಭಾಗದ್ದು. ಅಪರಾಧ ನೆನಪಿಲ್ಲ ಎಂಬುದೊಂದೇ ಶಿಕ್ಷೆಯನ್ನು ತಡೆಯುವುದಿಲ್ಲ. ಆದರೆ ತನ್ನನ್ನು ಏಕೆ ಶಿಕ್ಷಿಸಲಾಗುತ್ತಿದೆ ಎಂಬುದನ್ನು ಅರ್ಥಮಾಡಿಕೊಳ್ಳುವ ಶಕ್ತಿಯನ್ನೇ ಡಿಮೆನ್ಶಿಯಾ ಕಿತ್ತುಕೊಂಡಿದ್ದರೆ ಆಗ ಮರಣದಂಡನೆ ಜಾರಿಮಾಡುವಂತಿಲ್ಲ. ಅದನ್ನು ಪರಿಶೀಲಿಸಲು ಮೊಕದ್ದಮೆಯನ್ನು ಕೆಳಗಿನ ನ್ಯಾಯಾಲಯಕ್ಕೆ ಮರಳಿಸಿತು. ಮ್ಯಾಡಿಸನ್ 2020ರಲ್ಲಿ ಸೆರೆಮನೆಯಲ್ಲೇ ತೀರಿಕೊಂಡ.

ಈ ತೀರ್ಪನ್ನು ಓದುವಾಗ ಲಾಕ್‌ನ ಅಧ್ಯಾಯದಲ್ಲಿ ಕುಡುಕನ ಪ್ರಸಂಗವಿರುವ ಪುಟ ನನ್ನ ಕಣ್ಣ ಮುಂದೆ ಬಂತು. ಕುಡಿದಾಗ ಮಾಡಿದ ಅಪರಾಧ ಅಮಲಿಳಿದ ಮೇಲೆ ನೆನಪಿಲ್ಲದವನನ್ನೂ ನ್ಯಾಯಾಲಯ ಶಿಕ್ಷಿಸುತ್ತದೆ. ಅದು ತಪ್ಪಲ್ಲ ಎನ್ನುತ್ತಾನೆ ಲಾಕ್. ಕೃತ್ಯ ನಡೆದದ್ದು ಸಾಬೀತಾಗಿದೆ, ಆದರೆ ನೆನಪಿಲ್ಲ ಎಂಬುದನ್ನು ಸಾಬೀತುಮಾಡುವ ದಾರಿ ಮನುಷ್ಯರ ನ್ಯಾಯಾಲಯಕ್ಕಿಲ್ಲ. ಎಲ್ಲರ ಎದೆಯ ಗುಟ್ಟೂ ಬಯಲಾಗುವ ದೇವರ ನ್ಯಾಯದ ದಿನ ಮಾತ್ರ, ತನಗೆ ಏನೂ ಗೊತ್ತಿಲ್ಲದ್ದಕ್ಕೆ ಯಾರೂ ಉತ್ತರ ಕೊಡಬೇಕಾಗಿ ಬರಲಾರದು ಎಂದು ಅವನ ಎಣಿಕೆ. ಇದನ್ನು ಓದಿದ ಮಾಲಿನೊ ಸುಮ್ಮನಿರಲಿಲ್ಲ: ಕುಡಿತವೇ ಒಂದು ತಪ್ಪು, ಅದು ಇನ್ನೊಂದು ತಪ್ಪಿಗೆ ನೆಪವಾಗಲಾರದು ಎಂದು ಪತ್ರ ಬರೆದ. ಲಾಕ್‌ಗಿಂತ ಅಮೆರಿಕದ ನ್ಯಾಯಾಲಯ ಒಂದು ಹೆಜ್ಜೆ ಮುಂದೆ ಹೋಗಿದೆ ಎಂದು ನನಗೆ ತೋರುತ್ತದೆ. ‘ನೆನಪಿದೆಯೇ?’ ಎಂಬುದನ್ನು ಬಿಟ್ಟು ‘ಅದನ್ನು ತನ್ನದೆಂದು ಅರ್ಥಮಾಡಿಕೊಳ್ಳಬಲ್ಲನೇ?’ ಎಂದು ಅದು ಕೇಳಿತು. ಕಿರುಬೆರಳಿನ ಉದಾಹರಣೆ ಕೊಟ್ಟ ಲಾಕ್ ಕೇಳಬೇಕಾಗಿದ್ದ ಪ್ರಶ್ನೆಯೂ ಅದೇ.

ನೆನಪಿಲ್ಲದೆಯೂ ಉಳಿದುಬರುವುದು ಎಷ್ಟು ಎಂಬುದನ್ನು ಲಾಕ್ ಊಹಿಸಿರಲಿಲ್ಲ. ಹೆನ್ರಿ ಮೊಲೈಸನ್ ಎಂಬ ಅಮೆರಿಕದ ಯುವಕನಿಗೆ 1953ರಲ್ಲಿ, ಅಪಸ್ಮಾರದ ಚಿಕಿತ್ಸೆಗೆಂದು, ಮಿದುಳಿನ ಎರಡೂ ಬದಿಗಳಿಂದ ಹೊಸ ನೆನಪುಗಳನ್ನು ಕೂಡಿಡಲು ಬೇಕಾದ ಹಿಪೊಕ್ಯಾಂಪಸ್ ಇರುವ ಭಾಗದ ಬಹುಪಾಲನ್ನು ತೆಗೆದರು. ಅಲ್ಲಿಂದ 2008ರಲ್ಲಿ ತೀರಿಕೊಳ್ಳುವವರೆಗೆ ಹೊಸ ಅನುಭವಗಳು ಅವನ ನೆನಪಿನಲ್ಲಿ ನಿಲ್ಲಲಿಲ್ಲ. ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವನಿಗೆ ಒಂದು ಕೆಲಸ ಕೊಟ್ಟರು: ಜೋಡಿ ಗೆರೆಗಳಿಂದ ಬರೆದ ನಕ್ಷತ್ರದ ಚಿತ್ರ, ಕಾಗದವೂ ಕೈಯೂ ಕಾಣುವುದು ಕನ್ನಡಿಯಲ್ಲಿ ಮಾತ್ರ, ಎರಡು ಗೆರೆಗಳ ನಡುವೆಯೇ ಪೆನ್ಸಿಲ್ ಓಡಿಸಬೇಕು. ಮೊದಮೊದಲು ಎಲ್ಲರಂತೆ ಅವನೂ ತಡವರಿಸಿದ. ಮೂರು ದಿನಗಳಲ್ಲಿ ಕೈ ಪಳಗಿತು, ತಪ್ಪುಗಳು ತೀರ ಕಡಿಮೆಯಾದವು. ಅಂಥ ಕೆಲಸವನ್ನು ಹಿಂದೆ ಮಾಡಿದ ನೆನಪು ಮಾತ್ರ ಅವನಿಗೆ ಒಂದಿಷ್ಟೂ ಇರಲಿಲ್ಲ. ನಿನ್ನೆಯ ಕೆಲಸವನ್ನು ಇಂದಿನ ಕೈ ಮುಂದುವರಿಸುತ್ತಿದೆ, ಒಳಗಿನ ಅರಿವಿಗೆ ಅದರ ಸುಳಿವಿಲ್ಲ. ವ್ಯಕ್ತಿಯನ್ನು ಅರಿವಿನ ಎಳೆಯಿಂದಲೇ ಅಳೆದರೆ ಇಂಥ ಮುಂದುವರಿಕೆಗೆ ಜಾಗವೇ ಇರುವುದಿಲ್ಲ.

ನಿಮ್ಮ ಮನೆಯ ಸ್ಥಿತಿಗೆ ಇನ್ನೂ ಹತ್ತಿರವಾದ ಒಂದು ಅಧ್ಯಯನವಿದೆ. ಸಂಶೋಧಕರಾದ ನೀನಾ ಸ್ಟ್ರೋಮಿಂಗರ್ ಮತ್ತು ಶಾನ್ ನಿಕಲ್ಸ್ 2015ರಲ್ಲಿ, ಮಿದುಳು ಸವೆಯುವ ಬೇರೆ ಬೇರೆ ಕಾಯಿಲೆಗಳಿರುವವರ ಮನೆಯವರನ್ನು ಕೇಳಿ ಅದನ್ನು ಪ್ರಕಟಿಸಿದರು. ‘ಇವರು ಮೊದಲಿನವರೇ ಅಲ್ಲ’ ಎಂಬ ಭಾವನೆ ಹತ್ತಿರದವರಲ್ಲಿ ಹುಟ್ಟುವುದು ಮುಖ್ಯವಾಗಿ ಯಾವಾಗ? ಮರೆವು ಹೆಚ್ಚಾದಾಗಲ್ಲ, ದಯೆ, ಪ್ರಾಮಾಣಿಕತೆಯಂಥ ನೈತಿಕ ಗುಣಗಳು ಕೆಟ್ಟಾಗ. ಇದು ಹೊರಗಿನವರ ಅನಿಸಿಕೆಯ ಅಧ್ಯಯನವೇ ಹೊರತು ಅನನ್ಯತೆಯ ಪ್ರಶ್ನೆಗೆ ತೀರ್ಮಾನವಲ್ಲ. ಆದರೂ, ಹೆಸರು ಮರೆತ ತಂದೆಯಲ್ಲಿ ಮೊದಲಿನ ಮೃದುತನವೇ ಕಂಡಾಗ ಮಕ್ಕಳಿಗೆ ‘ಇವರು ಅವರೇ’ ಎನಿಸುವುದು ಬರಿಯ ಮಮತೆಯ ಭ್ರಮೆಯಲ್ಲ ಎಂದು ಹೇಳಲು ಪಾರ್ಫಿಟ್ ಅವರ ಪಟ್ಟಿಯಲ್ಲೇ ಆಧಾರವಿದೆ. ಸ್ವಭಾವವೂ ಹಗ್ಗದ ನಾರುಗಳಲ್ಲಿ ಒಂದು.

ಇನ್ನು ಪತ್ರದ ವಿಷಯ. ಕಾನೂನು ತತ್ತ್ವಜ್ಞ ರೊನಾಲ್ಡ್ ಡ್ವರ್ಕಿನ್ 1993ರಲ್ಲಿ, ತನ್ನ ಇಡೀ ಬಾಳು ಯಾವ ರೂಪದಲ್ಲಿರಬೇಕು ಎಂದು ಬುದ್ಧಿ ಸರಿಯಿದ್ದಾಗ ನಿರ್ಧರಿಸಿದವರ ಮಾತನ್ನು ಆಮೇಲೂ ಗೌರವಿಸಬೇಕು ಎಂದು ವಾದಿಸಿದರು. ರೆಬೆಕಾ ಡ್ರೆಸ್ಸರ್ ಎಂಬ ಕಾನೂನು ವಿದ್ವಾಂಸರು ಇದನ್ನು ಒಪ್ಪಲಿಲ್ಲ. ಕಣ್ಣ ಮುಂದಿರುವ ರೋಗಿಯ ಈಗಿನ ಸುಖದುಃಖಗಳೇ ಮುಖ್ಯ ಎಂದರು. ನಿಮ್ಮ ಸ್ನೇಹಿತರ ಮಾತು ಸರಿಯಾಗಿದ್ದರೆ ಡ್ವರ್ಕಿನ್‌ರ ವಾದಕ್ಕೆ ನೆಲೆಯೇ ಇರುವುದಿಲ್ಲ, ಏಕೆಂದರೆ ಒಬ್ಬರು ಬರೆದ ಪತ್ರ ಇನ್ನೊಬ್ಬರನ್ನು ಕಟ್ಟಿಹಾಕಲಾರದು.

ಅದು ಸರಿಯಲ್ಲ ಎಂದು ನಾನು ಹೇಳುವುದಕ್ಕೆ ಇಂಗ್ಲೆಂಡಿನ ತತ್ತ್ವಜ್ಞ ಬರ್ನಾರ್ಡ್ ವಿಲಿಯಮ್ಸ್ 1970ರಲ್ಲಿ ಬರೆದ ಒಂದು ಲೇಖನ ಮುಖ್ಯ ಕಾರಣ. ನಾಳೆ ನಿಮಗೆ ಚಿತ್ರಹಿಂಸೆ ಕೊಡುತ್ತೇವೆ ಎಂದು ಯಾರೋ ಹೇಳಿದರೆಂದುಕೊಳ್ಳಿ. ಭಯವಾಗುತ್ತದೆ. ಅದಕ್ಕೆ ಮುಂಚೆ ನಿಮ್ಮ ನೆನಪನ್ನೆಲ್ಲ ಅಳಿಸುತ್ತೇವೆ ಎಂದು ಸೇರಿಸಿದರೆ ಭಯ ಕಡಿಮೆಯಾಗುತ್ತದೆಯೇ? ಇಲ್ಲ, ಹೆಚ್ಚುತ್ತದೆ, ನೋವಿನ ಜೊತೆಗೆ ಇನ್ನೊಂದು ಕೇಡು ಬಂದಂತಾಗುತ್ತದೆ. ನೆನಪಿಲ್ಲದ ಆ ನಾಳೆಯೂ ನನ್ನದೇ ಎಂದು ನಾವು ತಿಳಿದಿದ್ದೇವೆ. ನಿಮ್ಮ ತಂದೆಯವರು ಪತ್ರ ಬರೆಯಲು ಕುಳಿತದ್ದೇ ಆ ತಿಳಿವಿನಿಂದ. ತಮ್ಮನ್ನು ತಾವೇ ಗುರುತಿಸಲಾರದ ಒಂದು ಕಾಲ ಬರಬಹುದೆಂದು ಎಣಿಸಿ, ಅದೂ ತಮ್ಮದೇ ಬಾಳು ಎಂದು ಅವರು ಮುಂಗಡವಾಗಿಯೇ ಅದನ್ನು ತಮ್ಮದಾಗಿಸಿಕೊಂಡರು. ಲಾಕ್ ಹೇಳುವ ಕಾಳಜಿ ಹಿಂದಕ್ಕೆ ಮಾತ್ರವಲ್ಲ, ಮುಂದಕ್ಕೂ ಚಾಚುತ್ತದೆ.

ಆದ್ದರಿಂದ ಆ ಪತ್ರ ಇನ್ನೊಬ್ಬರದಲ್ಲ. ಅದನ್ನು ‘ಬರೆದವರು ಈಗ ಇಲ್ಲ’ ಎಂಬ ಕಾರಣಕ್ಕೆ ಬದಿಗಿಡುವಂತಿಲ್ಲ. ಹಾಗೆಂದು ಅದೊಂದೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂದೂ ಅಲ್ಲ. ಈಗ ನೆಮ್ಮದಿಯಿಂದಿರುವ ಮನುಷ್ಯನಿಗೆ ಒಂದು ಚಿಕಿತ್ಸೆಯಿಂದ ಹಿಂಸೆಯೋ ಉಪಶಮನವೋ ಎಂಬುದು ಅದೇ ಮನುಷ್ಯನಿಗೆ ಸಂಬಂಧಿಸಿದ ಪ್ರಶ್ನೆ, ವೈದ್ಯರ ಜೊತೆ ಕೂತು ನೋಡಬೇಕಾದದ್ದು. ತಮ್ಮ ಬಾಳು ಹೇಗೆ ಮುಗಿಯಬೇಕೆಂದು ಅವರು ಬಯಸಿದ್ದರು ಎಂಬುದು ಅದೇ ವ್ಯಕ್ತಿಗೆ ಸಂಬಂಧಿಸಿದ ಪ್ರಶ್ನೆ, ಪತ್ರ ಉತ್ತರಿಸುವುದು ಅದನ್ನು. ಅದನ್ನು ಜಾರಿಗೆ ತರುವುದು ಹೇಗೆ, ಯಾವ ಮಟ್ಟಿಗೆ ಎಂಬುದು ನೀವಿರುವ ಕಡೆಯ ಕಾನೂನಿಗೆ ಬಿಟ್ಟದ್ದು. ಪತ್ರವನ್ನು ಮತ್ತೊಮ್ಮೆ ಓದುವಾಗ, ಅವರು ಯಾವ ಸ್ಥಿತಿಯನ್ನು ಕಣ್ಣ ಮುಂದೆ ತಂದುಕೊಂಡು ‘ಬೇಡ’ ಎಂದಿದ್ದರು, ನೋವಿನ ಸ್ಥಿತಿಯನ್ನೋ ಅಥವಾ ಗುರುತು ಹಿಡಿಯಲಾರದ ಸ್ಥಿತಿಯನ್ನೋ, ಎಂಬುದನ್ನು ನೋಡಿ. ಬರಿಯ ನೋವಿಗೆ ಹೆದರಿ ಬರೆದಿದ್ದರೆ, ಅವರು ಎಣಿಸಿದ್ದ ಆ ಸ್ಥಿತಿ ಈಗಿನ್ನೂ ಬಂದಿಲ್ಲ.